ಮಂಕರಿಯ ಕೆಳಗಿನ ಮರಿ

ಕಾಟಮ್ಮ, ಆ ಮರಿ ಮಾಯವಾಗಲಿಲ್ಲ. ಮಂಕರಿಯ ಅಂಚಿಗೆ ಕಲ್ಲು ಇಟ್ಟವನು ನಾನು. ನೀನು ಕಣ್ಣು ಮುಚ್ಚಿದ್ದಕ್ಕೇ ಹೋಯಿತು ಅಂತ ಹೇಳಿದವನೂ ನಾನೇ. ಮೊದಲನೆಯದು ಮರೆವು. ಎರಡನೆಯದು —

ಉಳಿದವರಿಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಎಪ್ಪತ್ತರ ದಶಕದ ಕೊನೆ, ಹಿರೇಗುಂಟನೂರಿನ ಹತ್ತಿರ ನಮ್ಮ ಹಟ್ಟಿ. ದೊಡ್ಡವರು ಕುರಿ ಹೊಡೆದುಕೊಂಡು ಹೋದ ಮೇಲೆ ಎಳೆಮರಿಗಳ ಮೇಲೆ ಮಂಕರಿ, ಅಂದರೆ ದೊಡ್ಡ ಬುಟ್ಟಿ, ಬೋರಲು ಹಾಕುತ್ತಿದ್ದರು. ಕಾವಲಿಗೆ ನಾವು ಮಕ್ಕಳು. ನಾನು, ಪಕ್ಕದ ಮನೆಯ ಕಾಟಮ್ಮ. ಇಬ್ಬರಿಗೂ ಒಂಬತ್ತರ ಆಸುಪಾಸು.

ಆಗ ನಮ್ಮ ಮೇಷ್ಟ್ರು ಮಗ್ಗಿ ಬಿಟ್ಟು ವೇದಾಂತಕ್ಕೆ ಇಳಿದಿದ್ದರು. "ನೋಡೋನು ಇಲ್ದಿದ್ರೆ ನೋಡೋ ವಸ್ತುನೂ ಇಲ್ಲ ಕಣ್ರಲೇ. ಈ ಜಗತ್ತೆಲ್ಲ ನಿಮ್ಮ ಅರಿವಿನೊಳಗೆ ಐತೆ."

ನನಗೆ ಅಮಲೇರಿದಂತಾಯಿತು. ದೂರದಲ್ಲಿ ದುರ್ಗದ ಬೆಟ್ಟ ಬಿಸಿಲಿಗೆ ತೇಲುತ್ತಿತ್ತು — ನಾನು ಬೆನ್ನು ತಿರುಗಿಸಿದರೆ ಅಷ್ಟು ಬಂಡೆಗಳೂ ಎಲ್ಲಿಗೆ ಹೋಗುತ್ತವೆ? ಅದೇ ನಮ್ಮ ಆಟವಾಯಿತು. ಒಂದು ಮರಿಯಿದ್ದ ಮಂಕರಿಯ ಮುಂದೆ ಕಣ್ಣು ಮುಚ್ಚಿ "ಇಲ್ಲ" ಅನ್ನುವುದು, ಬುಟ್ಟಿ ಎತ್ತಿ "ಐತೆ" ಅನ್ನುವುದು. ಮರಿ ಪ್ರತಿಸಲವೂ ಹೊಸದಾಗಿ ಹುಟ್ಟಿದಂತೆ ನಮ್ಮನ್ನೇ ನೋಡುತ್ತಿತ್ತು.

ಒಂದು ಮಧ್ಯಾಹ್ನ ಕಾಟಮ್ಮ ಬನ್ನಿಮರದ ಕೆಳಗೆ ನಿದ್ದೆಹೋಗಿದ್ದಳು. ಯಾರೂ ನೋಡದಾಗ ಮರಿ ಇರುತ್ತದೋ ಇಲ್ಲವೋ ನೋಡಬೇಕು ಅನ್ನಿಸಿತು — ಎಂಥ ಬುದ್ಧಿ ನೋಡಿ. ಮಂಕರಿಯ ಅಂಚು ಎತ್ತಿ, ಅದಕ್ಕೆ ಕಲ್ಲು ಆನಿಸಿ ಇಣುಕಿದೆ. ಇತ್ತು. ಕಲ್ಲು ತೆಗೆಯದೆ ಕಾರೆಹಣ್ಣು ಕೀಳಲು ಹೋದೆ. ಬಂದಾಗ ಮಂಕರಿ ಉರುಳಿತ್ತು, ಮಣ್ಣಿನಲ್ಲಿ ತೋಳದ ಹೆಜ್ಜೆ. ಕಾಲಿನಿಂದ ಅಳಿಸಿದೆ. ಎದ್ದ ಕಾಟಮ್ಮನಿಗೆ ಹೇಳಿದೆ:

"ನೀ ಕಣ್ಣು ಮುಚ್ಚಿದ್ಯಲ್ಲ, ಅದಕ್ಕೇ ಹೋತು."

ಸಂಜೆ ದೊಡ್ಡವರು ತೋಳ ಅಂದರು. ಅವಳು ನಂಬಿದ್ದು ನನ್ನನ್ನು.

ಮುಂದೆ ಕೆಲವೇ ದಿನಕ್ಕೆ ಅವಳ ಅವ್ವನಿಗೆ ಜ್ವರ ಬಂತು. ಕಾಟಮ್ಮ ಅವ್ವನ ಸೆರಗು ಹಿಡಿದು ಕುಂತವಳು ಕದಲಲಿಲ್ಲ. ಕಣ್ಣು ಕೆಂಡವಾಗಿದ್ದವು.

"ಏನ್ಲೇ, ಗೂಗೆ ಹಂಗೆ ಕುಂತೀಯ? ಒಂಚೂರು ಮಲಗು," ಅಂದಳು ಅವರಜ್ಜಿ.

"ನಾ ಮಲಗಿದ್ರೆ ಅವ್ವ ಇರಲ್ಲಜ್ಜಿ."

ಅಜ್ಜಿ ಕೂಸಿನ ಮಾತು ಅಂತ ತಲೆ ಸವರಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಅದು ಯಾರ ಮಾತು ಅಂತ ಗೊತ್ತಿತ್ತು. ಮಾರನೆಯ ಮಧ್ಯಾಹ್ನ ಅವಳು ಕುಂತಲ್ಲೇ ಕಂಬಕ್ಕೆ ಒರಗಿ ತೂಕಡಿಸಿದಳು. ಕಣ್ಣು ಬಿಟ್ಟಾಗ ಅವ್ವ ಹೋಗಿದ್ದಳು. ಎಲ್ಲರೂ ಅಳುತ್ತಿದ್ದರು, ಅವಳು ಅಳದೆ ನನ್ನ ಕಡೆ ನೋಡಿದಳು. ಆಗಲಾದರೂ —

ಹೇಳಲಿಲ್ಲ.

ಮೊನ್ನೆ ಮೊನ್ನೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಈಗ ಅಲ್ಲೇ ಇರುವುದಂತೆ. ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು. "ಏನಪ್ಪ, ಹೊಟ್ಟೆ ನೋಡಿದ್ರೆ ಇಡೀ ಮರಿ ನುಂಗ್ದಂಗೈತೆ," ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಕಣ್ಣು ಎಳೆಯುತ್ತಿದ್ದವು. ನಿನ್ನ ಬಸ್ಸು ತಡ ಐತೆ, ನೀನೂ ಒಂದು ಗಳಿಗೆ ಒರಗು ಅಂದೆ.

"ಕೂಸು ಮಲಗೈತಲ್ಲಪ್ಪ. ಅದು ಎದ್ದ ಮೇಲೆ ನಾ ಮಲಗ್ತೀನಿ."

ಬಾಯಿ ತೆರೆದೆ. ನನ್ನ ಬಸ್ಸು ಬಂತು. ಹತ್ತಿ ಬಂದುಬಿಟ್ಟೆ.

ಹೋದ ವಾರ ಜಾಲತಾಣದ ಇದೇ ಗೋಡೆಯ ಮೇಲೆ, ಪ್ರಜ್ಞೆಯೇ ವಿಶ್ವವನ್ನು ಸೃಷ್ಟಿಸುತ್ತದೆ ಅಂತ ದೊಡ್ಡದಾಗಿ ಬರೆದೆ, ನೀವೆಲ್ಲ ಮೆಚ್ಚಿದಿರಿ. ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ದುರ್ಗದ ಬೆಟ್ಟಕ್ಕೆ ನನ್ನ ಕಣ್ಣು ಬೇಕೇ? ಗೊತ್ತಿಲ್ಲ. ಆದರೆ ಒಂದು ಜಗತ್ತನ್ನು ನಾನು ಸೃಷ್ಟಿಸಿದ್ದು ನಿಜ — ಒಂದೇ ಮಾತಿನಲ್ಲಿ, ಒಂಬತ್ತು ವರ್ಷದ ತಲೆಯೊಳಗೆ. ಅದರ ಕಾವಲಿಗೆ ಅವಳನ್ನು ಕೂರಿಸಿ ಎದ್ದು ಬಂದೆ.

ಅವಳು ಫೋನಿನಲ್ಲಿ ಇದನ್ನೆಲ್ಲ ಓದುವವಳಲ್ಲ. ಅದಕ್ಕೇ ನಾಳೆ ಹಿರಿಯೂರಿಗೆ ಹೋಗುತ್ತೇನೆ. ಮೇಷ್ಟ್ರ ಹೆಸರು ಎತ್ತುವುದಿಲ್ಲ, ಆಗ ಚಿಕ್ಕವನಿದ್ದೆ ಅನ್ನುವುದಿಲ್ಲ. ಕಲ್ಲು ಇಟ್ಟೆ, ತೋಳ ಬಂತು, ಹೆಜ್ಜೆ ಅಳಿಸಿದೆ. ಇಷ್ಟು ಹೇಳಿ, ಅವಳು ಏನಂದರೂ ಕೇಳಿಕೊಂಡು ಕೂರುತ್ತೇನೆ.