ಅವ್ವ ಆರಿಸಿದ ದಪ್ಪ ಪುಸ್ತಕ

ಮಗಳ ಹುಟ್ಟುಹಬ್ಬಕ್ಕೆ ಕೊಡಲೆಂದು ಇವತ್ತು ಅಂಗಡಿಯಲ್ಲಿ ಪುಸ್ತಕವೊಂದನ್ನು ಬಿಡಿಸಿದೆ. ಹೊಸ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಅವ್ವ ನೆನಪಾದಳು.

ನಮ್ಮದು ತಾಳವಾಡಿ ಹತ್ತಿರದ ಗೆಟ್ಟವಾಡಿ. ಕೂಲಿಗೆ ಹೋಗುತ್ತಿದ್ದ ಅವ್ವನಿಗೆ ಓದು ಬಾರದು. ಕಾಯಿಲೆ ಬಿದ್ದ ಮೇಲೆ ಚಾಮರಾಜನಗರದ ಆಸ್ಪತ್ರೆಗೆ ನನ್ನನ್ನೂ ಕರೆದೊಯ್ಯುತ್ತಿದ್ದಳು. ಒಂದು ದಿನ ಡಾಕ್ಟರ ಕೋಣೆಯಿಂದ ಹೊರಬಂದವಳು ನೇರ ಪುಸ್ತಕದಂಗಡಿಗೆ ನಡೆದಳು. ನಾನು ಆನೆಯ ಚಿತ್ರವಿದ್ದ ತೆಳು ಪುಸ್ತಕ ಹಿಡಿದುಕೊಂಡೆ. ಅವ್ವ ಹಾಳೆ ಸವರಿ ನೋಡಿ, ಚಿತ್ರವೇ ಇಲ್ಲದ ದಪ್ಪ ಕಥೆಪುಸ್ತಕ ಎತ್ತಿಕೊಂಡಳು.

"ಇದು ದೊಡ್ಡ ಮಕ್ಕಳದ್ದಮ್ಮ" ಅಂದರು ಅಂಗಡಿಯವರು.

"ಗೊತ್ತು ಕಣಣ್ಣ. ಇವ್ಳು ದೊಡ್ಡೋಳಾದಾಗ ಕೊಡ್ಸಕೆ ನಾನಿರಕಿಲ್ಲ."

ನನಗೆ ಅರ್ಥವಾಗಲಿಲ್ಲ. ಆನೆ ಪುಸ್ತಕವೇ ಬೇಕೆಂದು ಬಸ್ಸಿನಲ್ಲಿ ಅತ್ತೆ. "ಅಳ್ಬ್ಯಾಡ ಕಣ್ ಕೂಸೇ" ಎನ್ನುತ್ತಾ ಅವ್ವ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ತನ್ನ ಕಣ್ಣು ಒರೆಸಿಕೊಳ್ಳಲಿಲ್ಲ.

ಆ ಪುಸ್ತಕವನ್ನು ತಡವರಿಸದೆ ಓದುವಷ್ಟು ನಾನು ಬೆಳೆದಾಗ, ಓದಿ ಹೇಳೋಣವೆಂದರೆ ಅವ್ವ ಇರಲಿಲ್ಲ.

ಇವತ್ತು ಮಗಳಿಗೆ ಚಿತ್ರದ ಪುಸ್ತಕವನ್ನೇ ಕೊಂಡೆ. ದೊಡ್ಡ ಮಕ್ಕಳದ್ದಕ್ಕೆ ಇನ್ನೂ ಕಾಲವಿದೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವ ಭಾಗ್ಯ ಅವ್ವನಿಗಿರಲಿಲ್ಲ.