ಐದು ಅಂಕದ ಉತ್ತರ

ಲಾಸ್ ಏಂಜಲೀಸ್‌ನಲ್ಲಿ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಅಮೆರಿಕದ ವಸಾಹತಿನವರು ಬ್ರಿಟಿಷರ ವಿರುದ್ಧ ಯಾಕೆ ಹೋರಾಡಿದರು ಅಂತ ಆಫೀಸರಮ್ಮ ಕೇಳಿದರು. ಒಂದು ಕಾರಣ ಹೇಳಿದ್ದರೆ ಸಾಕಿತ್ತು. ನನಗೋ ಹೈಸ್ಕೂಲಿನಲ್ಲಿ ಐದು ಅಂಕದ ಪ್ರಶ್ನೆಗೆ ಬರೆದ ಅಭ್ಯಾಸ. ಪೀಠಿಕೆಯಿಂದಲೇ ಶುರು ಮಾಡಿದೆ. ಬ್ರಿಟಿಷರು ತೆರಿಗೆ ಹೇರಿದರು, ಇವರು ರಾಜನಿಗೆ ಮನವಿ ಮೇಲೆ ಮನವಿ ಕಳಿಸಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಕೊನೆಗೆ ಸಭೆ ಸೇರಿ ನಾವಿನ್ನು ಸ್ವತಂತ್ರರು ಅಂತ ಘೋಷಿಸಿಬಿಟ್ಟರು.

ಉಪಸಂಹಾರಕ್ಕೆ ಬರುವಷ್ಟರಲ್ಲಿ ಆಕೆ ಕೈ ಎತ್ತಿ ತಡೆದರು. “ತೆರಿಗೆ ಅಂದಾಗಲೇ ಪಾಸಾದಿರಿ. ಗ್ರೀನ್ ಕಾರ್ಡಿಗೆ ಎಷ್ಟು ವರ್ಷ ಕಾದಿರಿ?”

“ಹತ್ತು ದಾಟಿತ್ತು.”

“ತೆರಿಗೆಯಿಂದ ಘೋಷಣೆಯವರೆಗೆ ಅವರಿಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.”

“ಅವರಿಗೆ ಬಿಟ್ಟು ಹೋಗೋಕೆ, ಮೇಡಂ. ನನಗೆ ಬಂದು ಸೇರೋಕೆ.”

“ಹಾಗಾದರೆ ಬನ್ನಿ,” ಅಂತ ನಗುತ್ತಾ ಕೈ ಚಾಚಿದರು.

ಉಳಿದಿದ್ದ ಉಪಸಂಹಾರವನ್ನು ಟೊರೆನ್ಸ್‌ನ ನಮ್ಮ ಮನೆ ತಲುಪುವವರೆಗೆ ಕಾರಿನಲ್ಲಿ ನನ್ನ ಹೆಂಡತಿ ಕೇಳಿಸಿಕೊಂಡಳು.