ಕೊನೆಯ ಪುಟದ ಚಿತ್ರ

ಮದುವೆಯಾಗಿ ಮೂರು ತಿಂಗಳಿಗೆ ನನ್ನ ಗಂಡ ಬೊಂಬಾಯಿಯ ಕೆಲಸಕ್ಕೆ ಮರಳುವಾಗ, ಮಂಗಳೂರಿನ ಉರ್ವದ ಮನೆಯಲ್ಲಿ ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ಪುಟಕ್ಕೊಂದು ಚಿತ್ರ, ಅದರ ಅಡಿಯಲ್ಲಿ ಎರಡು ಸಾಲು ಇಂಗ್ಲಿಷ್ ಮಾತು. ಕನ್ನಡದ ಸುಳಿವೇ ಇಲ್ಲ. ಚಿತ್ರ ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

"ಅಲ್ಲಿ ಆಫೀಸಿನವರ ಹೆಂಡತಿಯರೆಲ್ಲ ಇಂಗ್ಲಿಷ್ ಮಾತಾಡ್ತಾರೆ. ಇದನ್ನು ಮುಗಿಸು, ಮುಂದಿನ ಸಲ ನಿನ್ನನ್ನು ಕರ್ಕೊಂಡು ಹೋಗ್ತೇನೆ" ಅಂದರು.

ಐದನೆಯ ತರಗತಿಯವರೆಗೆ ಕಲಿತಿದ್ದ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಕಷ್ಟವಾದದ್ದು ಚಿತ್ರಗಳು. ಒಂದರಲ್ಲಿ ಮನೆಯವಳು ಚಹಾ ಕೊಡುತ್ತಾಳೆ, ಬಂದವಳು 'ನೋ, ಥ್ಯಾಂಕ್ ಯು' ಅನ್ನುತ್ತಾಳೆ, ಇಬ್ಬರೂ ನಗುತ್ತಾರೆ. ನಮ್ಮಲ್ಲಿ ಬೇಡವೆಂದವರಿಗೆ ಮೂರು ಸಲವಾದರೂ ಒತ್ತಾಯ ಮಾಡದಿದ್ದರೆ ಮನೆಯ ಮರ್ಯಾದೆಯೇ ಹೋಯಿತು. ಇನ್ನೊಂದರಲ್ಲಿ ಬಿಸಿಲಿಗೆ ನಿಂತು 'ಲವ್ಲಿ ಡೇ' ಎಂದು ಹೊಗಳುವ ಗಂಡಸು. ಅವನನ್ನು ಒಂದು ಏಪ್ರಿಲಿಗೆ ಮಂಗಳೂರಿಗೆ ತಂದು ನಿಲ್ಲಿಸಬೇಕಿತ್ತು.

ಎಲ್ಲ ಚಿತ್ರಗಳಲ್ಲೂ ಇಬ್ಬರು. ಒಬ್ಬಳೇ ಇರುವವಳು ಏನು ಹೇಳಬೇಕೆಂದು ಯಾವ ಪುಟದಲ್ಲೂ ಇರಲಿಲ್ಲ. ಅಡುಗೆಮನೆಯಲ್ಲಿ ಅರೆಯುತ್ತಾ ಎರಡೂ ಕಡೆಯ ಮಾತನ್ನು ನಾನೇ ಆಡಿಕೊಳ್ಳುತ್ತಿದ್ದೆ. ಅತ್ತೆ ಇಣುಕಿ, "ಎಂತ ಮಾರಾಯ್ತಿ, ಬೆಕ್ಕಿಗೆ ಇಂಗ್ಲಿಷ್ ಕಲಿಸ್ತಾ ಇದ್ದೀಯಾ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ಅತ್ತ ಹೋದ ಮೇಲೆ ಅಳು ಬರುತ್ತಿತ್ತು.

ಕೊನೆಯ ಪುಟದಲ್ಲಿ ಒಂದು ಬಾಗಿಲು. ಗಂಡಸು ಟೊಪ್ಪಿ ಎತ್ತಿದ್ದಾನೆ, ಹೆಂಗಸು ಅಂಗೈ ಎತ್ತಿದ್ದಾಳೆ. ಇಬ್ಬರದೂ ಒಂದೇ ಮಾತು, 'ಗುಡ್ ಬೈ'.

ಎರಡನೆಯ ಬೇಸಿಗೆಗೆ ಗಂಡ ಊರಿಗೆ ಬಂದರು. ಅವರ ಕಣ್ಣಿಗೆ ಬೀಳುವಲ್ಲೆಲ್ಲ ಪುಸ್ತಕ ಇಟ್ಟು ನೋಡಿದೆ. ಕೊನೆಗೆ ಬಾಯಿಬಿಟ್ಟು, "ಅದು ಮುಗೀತು" ಅಂದೆ.

"ಹೌದಾ? ಆಮೇಲೆ ನೋಡುವ" ಎಂದು ಪತ್ರಿಕೆ ಬಿಡಿಸಿದರು.

ತಿಂಗಳಿಡೀ ಆ 'ಆಮೇಲೆ' ಬರಲಿಲ್ಲ. ಮಳೆ ಹಿಡಿಯುವ ಮೊದಲಿನ ಕಡೆಯ ಸ್ಟೀಮರಿಗೆ ಅವರೊಬ್ಬರೇ ಹೊರಟರು. ಅಲ್ಲಿ ಮನೆ ಸಿಕ್ಕಿಲ್ಲವಂತೆ, ಸಿಕ್ಕಿದ ಕೂಡಲೇ ಬರೆಯುತ್ತಾರಂತೆ. ಅತ್ತೆಗೆ ಮಂಡಿನೋವು. ಮೈದುನನ ಜೊತೆ ನಾನು ಬಂದರಿನವರೆಗೆ ಹೋದೆ.

ಸ್ಟೀಮರಿಗೆ ಒಯ್ಯುವ ದೋಣಿ ಹತ್ತುವಾಗ ಅವರು ತಿರುಗಿ, ಟೊಪ್ಪಿ ಎತ್ತಿ, "ಗುಡ್ ಬೈ" ಅಂದರು. ಅಂತೂ ನನ್ನ ಪರೀಕ್ಷೆ ಬಂತು! ಚಿತ್ರದಲ್ಲಿದ್ದಂತೆಯೇ ಅಂಗೈ ಎತ್ತಿ, ಒಂದಕ್ಷರ ತಪ್ಪದೆ, "ಗುಡ್ ಬೈ" ಅಂದೆ. ಅವರ ಮುಖ ಅರಳಿತು. ದಾರಿಯುದ್ದಕ್ಕೂ ನನಗೆ ಅದೇ ಹೆಮ್ಮೆ.

ಮನೆಯ ಜಗಲಿಯಲ್ಲೇ ಅತ್ತೆ ಕಾದಿದ್ದರು. "ನಿನ್ನ ಹತ್ರ 'ಹೋಗಿ ಬರ್ತೇನೆ' ಅಂದನಾ? ನೀನು 'ಹೋಗಿ ಬನ್ನಿ' ಅಂದಿಯಾ?"

ನಾನು ಒಳಗೆ ಹೋಗಿ ಕೊನೆಯ ಪುಟ ತೆರೆದೆ. ಹಿಂತಿರುಗಿ ಬರುವ ಮಾತು ಆ ಚಿತ್ರದಲ್ಲಿ ಇಬ್ಬರ ಬಾಯಲ್ಲೂ ಇರಲಿಲ್ಲ.

ಮಳೆ ಬಿಟ್ಟು ಸ್ಟೀಮರು ಮತ್ತೆ ಬರತೊಡಗಿತು, ಅವರು ಮಾತ್ರ ಬರಲಿಲ್ಲ. ಎರಡು ಕಾಗದ ಬಂದವು, ಆಮೇಲೆ ಅವೂ ನಿಂತವು. ಒಂದು ಮಾತು ಬಿಟ್ಟುಹೋದದ್ದಕ್ಕೆ ಯಾರೂ ಹೆಂಡತಿಯನ್ನು ಬಿಡುವುದಿಲ್ಲ, ಅಷ್ಟು ಬುದ್ಧಿ ನನಗೂ ಉಂಟು. ಅವರ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸುಡುವುದು ಇದು: ಎರಡು ವರ್ಷ ಒಬ್ಬಳೇ ಕಲಿತ ಅಷ್ಟೂ ಇಂಗ್ಲಿಷಿನಲ್ಲಿ, ಒಬ್ಬ ಮನುಷ್ಯನ ಮುಖ ನೋಡಿ ನಾನು ಆಡಿದ್ದು ಆ 'ಗುಡ್ ಬೈ' ಒಂದೇ.